ಹಕ್ಕಳೆಯ ಬೆನ್ನು ನೋಡಿ: ನಿಕ್ಕಲ್ ಪ್ಲೇಟಿಂಗ್ ಕೆಟ್ಟಾಗ ತಪ್ಪು ಹುಡುಕುವ ಬಗೆ

ಜುಲೈ ತಿಂಗಳು. ಹೊರಗೆ ಕಾರವಾರದ ಮಳೆ, ಶೆಡ್ಡಿನ ಒಳಗೆ ನಿಕ್ಕಲ್ ದ್ರಾವಣದ ತೊಟ್ಟಿಯ, ಅಂದರೆ ಬಾತ್‌ನ ಹಬೆ. ಸಿರ್ಸಿ ಕಡೆಯಿಂದ ಬಂದ ಹಿತ್ತಾಳೆ ದೀಪದ ಕಂಬ ಹೊಳಪು ತಿಕ್ಕುವ ಬಫಿಂಗ್ ಚಕ್ರಕ್ಕೆ ತಾಗಿದ್ದೇ ತಡ, ಉಗುರಿನಷ್ಟು ದೊಡ್ಡ ಹಕ್ಕಳೆಯೊಂದು ಎದ್ದು ಹಾರಿತು. ನಮ್ಮ ಹುಡುಗ ಕೂಡಲೇ ಬ್ರೈಟ್ನರ್ (ಹೊಳಪಿಗೆಂದು ಬಾತ್‌ಗೆ ಹಾಕುವ ರಾಸಾಯನಿಕ) ಕ್ಯಾನಿಗೆ ಕೈ ಹಾಕಿದ.

"ಅಣ್ಣಾ, ಒಂಚೂರು ಹೊಯ್ದು ನೋಡ್ಲಾ?"

"ತಡಿಯೋ ಮಾರಾಯ. ಮೊದಲು ಆ ಹಕ್ಕಳೆ ಎಲ್ಲಿ ಬಿತ್ತು ಹುಡುಕು."

ಹತ್ತು ನಿಮಿಷ ಟಾರ್ಚ್ ಹಿಡಿದು ನೆಲ ಜಾಲಾಡಿದೆವು. ಸಿಕ್ಕಿದ ಹಕ್ಕಳೆಯನ್ನು ಬಿಳಿ ಟೈಲ್ ಮೇಲೆ ಕವುಚಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಬೆನ್ನು ಬೆಳ್ಳಗೆ ಹೊಳೆಯುತ್ತಿತ್ತು. ಕಂಬದ ಮೇಲೆ ಅದು ಬಿಟ್ಟ ಜಾಗವೂ ಬೆಳ್ಳಗೇ ಇತ್ತು. ಹಿತ್ತಾಳೆಯ ಹಳದಿ ಎಲ್ಲೂ ಕಾಣಲಿಲ್ಲ. ಅಂದರೆ ನಿಕ್ಕಲ್ ಬಿಟ್ಟಿದ್ದು ನಿಕ್ಕಲ್ ಮೇಲಿನಿಂದಲೇ. "ನಿನ್ನೆ ಇದು ಬಾತ್‌ನಲ್ಲಿದ್ದಾಗ ಕರೆಂಟ್ ಹೋಗಿತ್ತಾ?" ಅಂತ ಕೇಳಿದೆ. "ಹೋಗಿತ್ತು, ಒಂದೈದು ನಿಮಿಷ. ಬಂದ ಮೇಲೆ ಹಾಗೇ ಮುಂದುವರಿಸ್ದೆ." ಅಲ್ಲಿಗೆ ಕಾಯಿಲೆ ಗೊತ್ತಾಯಿತು. ಬಾತ್‌ಗೆ ಒಂದು ಹನಿಯೂ ಹಾಕಬೇಕಾಗಿರಲಿಲ್ಲ.

ನಾನು ಕಂಡ ಪ್ಲೇಟಿಂಗ್ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಬಾತ್‌ನ ಹೊರಗೆ. ತೊಳೆಯುವುದರಲ್ಲಿ, ತಂತಿಯ ಜೋಡಣೆಯಲ್ಲಿ, ಬಾವಿ ನೀರಿನಲ್ಲಿ. ಆದರೂ ನಮ್ಮ ಕೈ ಮೊದಲು ಹೋಗುವುದು ಕ್ಯಾನಿಗೇ. ಸಾರಿಗೆ ಉಪ್ಪು ಹಾಕುವುದು ಸುಲಭ, ಜಾಸ್ತಿಯಾದರೆ ತೆಗೆಯುವುದು ಹೇಗೆ? ಅದಕ್ಕೇ ನಮ್ಮಲ್ಲಿ ಹುಡುಕುವ ಕ್ರಮ ಹೀಗೆ: ಮೊದಲು ಜಾಬ್ (ಪ್ಲೇಟಿಂಗ್‌ಗೆ ಬಂದ ಸಾಮಾನು), ಆಮೇಲೆ ಕರೆಂಟ್, ಆಮೇಲೆ ನೀರು. ಬಾತ್ ಕೊನೆಗೆ.

ಬಾತ್ ಸರಿಯಿದ್ದಾಗ

ಇಲ್ಲಿ ಹೇಳುತ್ತಿರುವುದು ಎಲ್ಲರೂ ಬಳಸುವ ವಾಟ್ಸ್ ಬಾತ್ ಬಗ್ಗೆ. 1916ರಲ್ಲಿ ಅಮೆರಿಕದ ಆಲಿವರ್ ವಾಟ್ಸ್ ಹೇಳಿಕೊಟ್ಟ ಮಿಶ್ರಣ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಲೀಟರಿಗೆ ನಿಕ್ಕಲ್ ಸಲ್ಫೇಟ್ 240ರಿಂದ 300 ಗ್ರಾಂ, ನಿಕ್ಕಲ್ ಕ್ಲೋರೈಡ್ 45ರಿಂದ 60 ಗ್ರಾಂ, ಬೋರಿಕ್ ಆಸಿಡ್ 40 ಗ್ರಾಂ ಆಸುಪಾಸು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3.8ರಿಂದ 4.4, ಬಿಸಿ 50ರಿಂದ 60 ಡಿಗ್ರಿ. ಚದರ ಡೆಸಿಮೀಟರಿಗೆ 3-4 ಆಂಪಿಯರ್ ಕೊಟ್ಟರೆ ನೆಮ್ಮದಿಯ ಕೆಲಸ. ಒಂದು ಚದರ ಡೆಸಿಮೀಟರ್ ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ. ಹೆಚ್ಚುಕಮ್ಮಿ ಒಂದು ಅಂಗೈ.

ಹಕ್ಕಳೆ ಓದುವುದು

ಹಕ್ಕಳೆಯಾಗಲಿ ಗುಳ್ಳೆಯಾಗಲಿ, ಎಲ್ಲಿಂದ ಬಿಟ್ಟಿತು ಎನ್ನುವುದೇ ಮುಖ್ಯ. ಕೆಳಗೆ ಮೂಲ ಲೋಹ ಕಂಡರೆ ತಪ್ಪು ನಿಕ್ಕಲ್‌ಗೂ ಮುಂಚೆ ಆಗಿದೆ, ಅಂದರೆ ತೊಳೆಯುವ ಹಂತದಲ್ಲಿ. ಕೆಳಗೆ ನಿಕ್ಕಲ್ಲೇ ಕಂಡರೆ ಪದರದ ಮಧ್ಯೆ ಏನೋ ಆಗಿದೆ. ಹಕ್ಕಳೆಗೆ ಲೋಹದ ಪುಡಿ ಅಂಟಿಕೊಂಡು ಬಂದರೆ ಹಿಡಿತ ಚೆನ್ನಾಗಿಯೇ ಇತ್ತು, ಕೆಳಗಿನ ಲೋಹವೇ ದುರ್ಬಲವಾಗಿದೆ. ಆಸಿಡ್‌ನಲ್ಲಿ ಜಾಸ್ತಿ ಹೊತ್ತು ನೆನೆದ ಎರಕದ ಹಿತ್ತಾಳೆಯಲ್ಲಿ ಹೀಗಾಗುತ್ತದೆ.

ಮೂಲ ಲೋಹ ಕಂಡಾಗ ಮೊದಲು ನೀರಿನ ಪರೀಕ್ಷೆ ಮಾಡಿ. ಡಿಗ್ರೀಸಿಂಗ್ (ಜಿಡ್ಡು ತೆಗೆಯುವುದು) ಆಗಿ, ಆಸಿಡ್‌ನಲ್ಲಿ ಅದ್ದಿ, ತೊಳೆದ ಜಾಬನ್ನು ಎತ್ತಿ ಹಿಡಿದು ಅರ್ಧ ನಿಮಿಷ ಸುಮ್ನೆ ನೋಡುತ್ತಿರಿ. ನೀರು ಒಂದೇ ಹಾಳೆಯಾಗಿ ಮೈಗೆ ಅಂಟಿ ಇಳಿಯಬೇಕು. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಎಲ್ಲಾದರೂ ಒಡೆದು ಗುಂಡಾದರೆ ಅಲ್ಲಿ ಜಿಡ್ಡಿದೆ. ಬಫಿಂಗ್ ಕಂಪೌಂಡ್ ದೀಪದ ಕೆತ್ತನೆಯ ಸಂದಿಯಲ್ಲಿ ಮೇಣದ ಹಾಗೆ ಕೂತಿರುತ್ತದೆ. ಬಫ್ ಮಾಡಿ ವಾರ ಬಿಟ್ಟರೆ ಗಟ್ಟಿಯಾಗಿ, ಬಿಸಿ ಸೋಡಾ ನೀರಿಗೂ ಜಗ್ಗುವುದಿಲ್ಲ. ಬಫ್ ಮಾಡಿದ ದಿನವೇ ಪ್ಲೇಟಿಂಗ್ ಮುಗಿಸಿ.

ನೀರಿನ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಸೋಪಿನ ಪಸೆ ಉಳಿದಿದ್ದರೂ ನೀರು ಹಾಳೆಯಾಗಿಯೇ ಇಳಿಯುತ್ತದೆ. ಹಾಗಾಗಿ ಆಸಿಡ್ ಅದ್ದುವ ಮೊದಲಲ್ಲ, ಅದ್ದಿ ತೊಳೆದ ಮೇಲೆ ನೋಡಬೇಕು.

ಎಲ್ಲ ಸರಿಯಾಗಿ ತೊಳೆದರೂ ಕೆಲವು ಹಿತ್ತಾಳೆ ಸಾಮಾನು ಪದೇ ಪದೇ ಹಕ್ಕಳೆ ಬಿಡುತ್ತವೆ. ಲೇತ್‌ನಲ್ಲಿ ಚೆನ್ನಾಗಿ ಕತ್ತರಿಸಲೆಂದು ಸೀಸ ಬೆರೆಸಿದ ಹಿತ್ತಾಳೆ ಇರುತ್ತದೆ ನೋಡಿ, ನಲ್ಲಿ, ವಾಲ್ವ್, ತಿರುಪು ಇತ್ಯಾದಿ. ಇವನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದಿದರೆ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಬೆರಳಲ್ಲಿ ಉಜ್ಜಿದರೆ ಬೂದುಬಣ್ಣದ ಮಸಿ ಬರುತ್ತದೆ. ಅದರ ಮೇಲೆ ನಿಕ್ಕಲ್ ನಿಲ್ಲುವುದಾದರೂ ಹೇಗೆ? ಇಂಥವಕ್ಕೆ ಫ್ಲೂವೋಬೋರಿಕ್ ಆಸಿಡ್ ಬೇಕು. ವರ್ಷಗಟ್ಟಲೆ ನಾನು ಇದನ್ನು ಬಾತ್‌ನ ತಪ್ಪು ಅಂದುಕೊಂಡು ಬೈದುಕೊಂಡಿದ್ದೆ.

ಈಗ ನಿಕ್ಕಲ್ ಮೇಲಿನಿಂದ ನಿಕ್ಕಲ್ ಬಿಡುವ ಕತೆ. ನಿಕ್ಕಲ್‌ಗೆ ಒಂದು ಬುದ್ಧಿಯಿದೆ. ಕರೆಂಟ್ ನಿಂತ ಕೂಡಲೇ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಆಕ್ಸೈಡ್ ಹೊದ್ದುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಕೂರುವ ಹೊಸ ಪದರಕ್ಕೆ ಹಳೆಯದರ ಮೇಲೆ ಹಿಡಿತ ಸಿಗುವುದಿಲ್ಲ. ನೋಡಲು ಚೆಂದವೇ ಇರುತ್ತದೆ, ಬಫ್ ಹಿಡಿದಾಗ ಬಣ್ಣ ಬಯಲು. ಮಳೆಗಾಲದಲ್ಲಿ ಕರಾವಳಿಯಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ಹೊಸತೇನಲ್ಲ ಅಲ್ವಾ? ಕರೆಂಟ್ ಹೋದರೆ ಜಾಬ್ ಹೊರಗೆ ತೆಗೆದು, ತೊಳೆದು, ತೆಳು ಸಲ್ಫ್ಯೂರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಮುಳುಗಿಸಿಡಿ. ಕರೆಂಟ್ ಬಂದ ಮೇಲೆ ವುಡ್ಸ್ ಸ್ಟ್ರೈಕ್ ಕೊಟ್ಟು ಮುಂದುವರಿಸಿ. ಅದು ಲೀಟರಿಗೆ 240 ಗ್ರಾಂ ನಿಕ್ಕಲ್ ಕ್ಲೋರೈಡ್, ಸುಮಾರು 120 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಇರುವ ಪುಟ್ಟ ಬಾತ್. ಒಂದೆರಡು ನಿಮಿಷ ಸಾಕು. ಆಸಿಡ್ ಹಳೇ ಆಕ್ಸೈಡನ್ನು ಕರಗಿಸುತ್ತಿರುವಾಗಲೇ ಹೊಸ ನಿಕ್ಕಲ್ ಕೂರುತ್ತದೆ. ಆಸಿಡನ್ನು ನೀರಿಗೆ ಹೊಯ್ಯಬೇಕು, ನೀರನ್ನು ಆಸಿಡ್‌ಗೆ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಸಿರ್ಸಿಯ ದೀಪಕ್ಕೆ ಮಾಡಿದ್ದೂ ಇದನ್ನೇ. ಮೇಲಿನ ಪದರ ಪೂರ್ತಿ ಬಫ್ ಮಾಡಿ ತೆಗೆದು, ತೊಳೆದು, ಸ್ಟ್ರೈಕ್ ಕೊಟ್ಟು ಮತ್ತೆ ಬಾತ್‌ಗೆ ಇಳಿಸಿದೆವು. ಅವತ್ತಿಂದ, ಬಾತ್‌ಗೆ ಡಿಸಿ ಕರೆಂಟ್ ಕೊಡುವ ರೆಕ್ಟಿಫೈಯರ್ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಯಾವ ಜಾಬ್, ಎಷ್ಟು ಆಂಪಿಯರ್, ಎಷ್ಟು ನಿಮಿಷ, ಕರೆಂಟ್ ಯಾವಾಗ ಹೋಯಿತು. ಇಷ್ಟೇ.

ಎರಕದ ದೀಪಗಳಿಗೆ ಇನ್ನೊಂದು ತೊಂದರೆ. ಪ್ಲೇಟಿಂಗ್ ಆದ ದಿನ ಲಕಲಕ. ಮಾರನೇ ದಿನ ಅಲ್ಲಲ್ಲಿ ಕಲೆ, ಗುಳ್ಳೆ. ಎರಕದಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅದರೊಳಗೆ ಹೊಕ್ಕ ಆಸಿಡ್ ನಿಧಾನಕ್ಕೆ ಹೊರಗೆ ಜಿನುಗುತ್ತದೆ. ಬಿಸಿನೀರು, ತಣ್ಣೀರು, ಮತ್ತೆ ಬಿಸಿನೀರು ಹೀಗೆ ಅದಲುಬದಲು ಅದ್ದಿ ತೊಳೆದರೆ ಬಹುಪಾಲು ಹೊರಬರುತ್ತದೆ.

ಕಿಲುಬು ಕದಿಯುವ ಕರೆಂಟ್

ಘಟ್ಟದ ಮೇಲಿನವರಿಗೆ ಈ ಭಾಗ ಅಷ್ಟಾಗಿ ಬೇಡ. ಕಡಲ ಗಾಳಿಯಲ್ಲಿ ಶೆಡ್ ಇಟ್ಟವರಿಗೆ ಇದು ನಿತ್ಯದ ಗೋಳು. ಕರೆಂಟ್ ತರುವ ತಾಮ್ರದ ಪಟ್ಟಿಗಳು (ಬಸ್‌ಬಾರ್) ಸೇರುವ ಕಡೆ, ಜಾಬ್ ನೇತುಹಾಕುವ ಜಿಗ್‌ನ ಕೊಕ್ಕೆ ಕೂರುವ ಕಡೆ ಉಪ್ಪಿನ ತೇವಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ಒಂದು ಜೋಡಣೆಯಲ್ಲಿ 0.01 ಓಮ್ ತಡೆ ಸೇರಿಕೊಂಡಿತು ಅಂದುಕೊಳ್ಳಿ. 100 ಆಂಪಿಯರ್ ಹರಿಯುವಾಗ ಅಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ. ಆರೇಳು ವೋಲ್ಟಿನ ಕೆಲಸದಲ್ಲಿ ಒಂದು ವೋಲ್ಟ್ ಅಂದರೆ ಸುಮ್ನೆ ಅಲ್ಲ. 100 ವ್ಯಾಟ್ ಬಿಸಿಯೂ ಅಲ್ಲೇ ಹುಟ್ಟುತ್ತದೆ.

ಪತ್ತೆ ಮಾಡುವುದು ಸುಲಭ. ಲೋಡ್ ಕೊಟ್ಟು ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಪ್ರತಿ ಜೋಡಣೆಯ ಆಚೆಗೊಂದು ಈಚೆಗೊಂದು ಕಡ್ಡಿ ತಾಗಿಸುತ್ತಾ ಹೋಗಿ. ಒಳ್ಳೆಯ ಜೋಡಣೆಯಲ್ಲಿ ಕೆಲವೇ ಮಿಲಿವೋಲ್ಟ್ ಇರುತ್ತದೆ. ನೂರಾರು ತೋರಿಸಿದಲ್ಲಿ ಬೋಲ್ಟ್ ಬಿಚ್ಚಿ. ನಾನು ಹುಣಸೆ ಹಣ್ಣು, ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ, ಬೋಲ್ಟ್ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರುತ್ತೇನೆ. ದೇವರ ಪಾತ್ರೆಗೆ ಆಗುವುದು ಬಸ್‌ಬಾರಿಗೂ ಆಗುತ್ತದೆ.

ಕಿಲುಬು ಇನ್ನೊಂದು ಆಟ ಆಡುತ್ತದೆ. ಒಂದೇ ಪಟ್ಟಿಗೆ ಆರು ಜಿಗ್ ನೇತುಹಾಕಿದ್ದೀರಿ, ಎರಡರ ಕೊಕ್ಕೆ ಸರಿಯಾಗಿ ತಾಗುತ್ತಿಲ್ಲ. ಆ ಎರಡರ ಕರೆಂಟೂ ಉಳಿದ ನಾಲ್ಕಕ್ಕೆ ಹಂಚಿಹೋಗುತ್ತದೆ. ಎರಡು ಮಂಕು, ನಾಲ್ಕರ ಅಂಚು ಕರಕಲು. ನೋಡಿದವರು ಬ್ರೈಟ್ನರ್ ಕಮ್ಮಿ ಅನ್ನುತ್ತಾರೆ, ಇನ್ನೊಬ್ಬರು ಕರೆಂಟ್ ಜಾಸ್ತಿ ಅನ್ನುತ್ತಾರೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿದ್ದರೆ ಒಂದೊಂದೇ ಜಿಗ್ಗಿಗೆ ಹಾಕಿ ನೋಡಿ, ಜಗಳ ಮುಗಿಯುತ್ತದೆ.

ಇನ್ನು ಆಂಪಿಯರ್ ಮೀಟರ್ ಹೇಳುವುದು ನಿಜವೇ? ಅದಕ್ಕೊಂದು ತಕ್ಕಡಿ ಪರೀಕ್ಷೆ ಇದೆ. ಫ್ಯಾರಡೆಯ ನಿಯಮದ ಲೆಕ್ಕದಲ್ಲಿ ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.095 ಗ್ರಾಂ ನಿಕ್ಕಲ್ ಕೂರಬೇಕು. ಎರಡೂ ಮುಖ ಸೇರಿ ಒಂದು ಚದರ ಡೆಸಿಮೀಟರ್ ಇರುವ ಹಿತ್ತಾಳೆ ತಗಡು ತಗೊಳ್ಳಿ. ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿ, 4 ಆಂಪಿಯರ್‌ನಲ್ಲಿ 15 ನಿಮಿಷ ಬಿಟ್ಟು, ಒಣಗಿಸಿ ಮತ್ತೆ ತೂಗಿ. 1.05 ಗ್ರಾಂ ಆಸುಪಾಸು ಏರಿದ್ದರೆ ಎಲ್ಲ ಸರಿ, ದಪ್ಪ ಸುಮಾರು 12 ಮೈಕ್ರಾನ್. 0.8 ಬಂದರೆ ಮೀಟರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಬಾತ್‌ಗೆ ಕ್ರೋಮಿಯಂ ಅಥವಾ ನೈಟ್ರೇಟ್‌ನಂಥದ್ದೇನೋ ಬಿದ್ದಿದೆ. ನಮ್ಮಲ್ಲಿ ಒಮ್ಮೆ ಹೀಗೆ ಬಂದಾಗ ತಪ್ಪಿದ್ದಿದ್ದು ಮೀಟರಿಗೆ ಅಳತೆ ಕೊಡುವ ಷಂಟ್ ಪಟ್ಟಿಯ ತಿರುಪಿನಲ್ಲಿ. ಕಿಲುಬು, ಮತ್ತೇನು.

ನೀರು

ಮೈ ತರಿತರಿಯಾಗಿದ್ದರೆ ಕಣ್ಣಿಗಿಂತ ಬೆರಳು ನಂಬಿ. ಮೇಲ್ಮುಖವಾಗಿದ್ದ ಕಡೆ ಮಾತ್ರ ಮರಳು ಮರಳು, ಕೆಳಮುಖ ನುಣುಪು ಅಂದರೆ ಮೇಲಿನಿಂದ ಏನೋ ಉದುರಿ ಕೂರುತ್ತಿದೆ. ಆನೋಡ್ (ಬಾತ್‌ನಲ್ಲಿ ಕರಗುವ ನಿಕ್ಕಲ್ ತುಂಡು) ಸುತ್ತುವ ಚೀಲ ಹರಿದಿರಬಹುದು, ತಳದ ಮಡ್ಡಿ ಎದ್ದಿರಬಹುದು. ಎಲ್ಲ ಕಡೆ ಸಮನಾಗಿ ತರಿತರಿ, ಬಾತ್ ಬಿಸಿಯಾದಷ್ಟೂ ಜಾಸ್ತಿ ಅಂದರೆ ಸುಣ್ಣದ ಅಂಶ. ಬಾವಿ ನೀರಿನ ಕ್ಯಾಲ್ಸಿಯಂ ಬಾತ್‌ನ ಸಲ್ಫೇಟ್ ಜೊತೆ ಸೇರಿ ಸಣ್ಣ ಸೂಜಿಗಳಾಗುತ್ತದೆ. ಈ ಸೂಜಿ ಬಿಸಿಯಲ್ಲಿ ಕರಗುವ ಬದಲು ಇನ್ನಷ್ಟು ಹುಟ್ಟುತ್ತದೆ.

ನಮ್ಮ ಚಿರೆಕಲ್ಲಿನ ನೆಲದಲ್ಲಿ ಕಬ್ಬಿಣ ಧಾರಾಳ. ಬೋರ್ ನೀರು ಬಕೆಟ್ಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಬಗ್ಗಡ ಕಂಡೀತು. ಬೇಸಿಗೆಯಲ್ಲಿ ಅಳಿವೆ ಹತ್ತಿರದ ಬಾವಿಗಳಿಗೆ ಉಪ್ಪೂ ಸೇರುತ್ತದೆ. ಬಿಸಿ ಬಾತ್‌ನಿಂದ ದಿನವೂ ನೀರು ಆವಿಯಾಗುತ್ತದೆ, ನಾವು ದಿನವೂ ತುಂಬುತ್ತೇವೆ. ನೀರು ಹೋಗುತ್ತದೆ, ಅದರ ಕಬ್ಬಿಣ, ಸುಣ್ಣ ಒಳಗೇ ಉಳಿಯುತ್ತದೆ. ತೊಳೆಯಲು ಬಾವಿ ನೀರು ಪರವಾಗಿಲ್ಲ. ಬಾತ್ ತುಂಬಲು ಡಿಸ್ಟಿಲ್ಡ್ ಅಥವಾ ಆರ್‌ಓ ನೀರೇ ಬೇಕು.

ಮಳೆ ನೀರು ಹಿಡಿದರಾಯಿತು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದಲ್ಲ ಅನ್ನಬಹುದು. ಒಳ್ಳೆಯದೇ. ಆದರೆ ಜಿಂಕ್ ಶೀಟಿನ ಮಾಡಿನಿಂದ ಹಿಡಿಯಬೇಡಿ. ಕಡಲ ಗಾಳಿಗೆ ಸವೆಯುವ ಶೀಟಿನ ಸತು ಮಳೆ ನೀರಿನ ಜೊತೆ ಬಾತ್‌ಗೇ ಬರುತ್ತದೆ. ಒಳ್ಳೆ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿ, ಮೊದಲ ಮಳೆ ಬಿಟ್ಟು ಹಿಡಿಯಿರಿ.

ಕಬ್ಬಿಣ ಸೇರಿಯೇ ಬಿಟ್ಟಿದ್ದರೆ ನಿಕ್ಕಲ್ ಕಾರ್ಬೊನೇಟ್ ಹಾಕಿ ಪಿಎಚ್ 5ರವರೆಗೆ ಏರಿಸಿ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕೆಲವು ಗಂಟೆ ಬಿಸಿಯಾಗಿಡಿ. ಕಬ್ಬಿಣ ಕಂದು ಮಡ್ಡಿಯಾಗುತ್ತದೆ, ಸೋಸಿ ತೆಗೆಯಿರಿ. ಪೆರಾಕ್ಸೈಡ್ ಉಳಿಯದ ಹಾಗೆ ಇನ್ನಷ್ಟು ಕಾಯಿಸಿ, ತೆಳು ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ ಇಳಿಸಿ. ಈ ಗಲಾಟೆಯಲ್ಲಿ ಬ್ರೈಟ್ನರ್ ಕೂಡ ಒಂದಷ್ಟು ಸುಟ್ಟುಹೋಗುತ್ತದೆ. ದುಬಾರಿ ಔಷಧ. ಹಾಗಾಗಿ ಕಬ್ಬಿಣವೇ ಎಂದು ಖಾತ್ರಿಯಾಗದೆ ಮಾಡಬೇಡಿ.

ಸೋಸಿದ ಮಡ್ಡಿ, ತೊಳೆದ ಹಸಿರು ನೀರು ಚರಂಡಿಗೆ ಬಿಡುವ ಹಾಗಿಲ್ಲ. ಇಲ್ಲಿ ಚರಂಡಿಗೆ ಬಿಟ್ಟಿದ್ದು ಕಾಳಿ ನದಿಗೋ ಕಡಲಿಗೋ, ಅಲ್ಲಿಂದ ಮೀನಿಗೆ. ಸುಣ್ಣ ಹಾಕಿ ಪಿಎಚ್ 9 ದಾಟಿಸಿದರೆ ನಿಕ್ಕಲ್ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಬೇರೆ ಶೇಖರಿಸಿ, ಅಪಾಯಕಾರಿ ತ್ಯಾಜ್ಯ ತಗೊಳ್ಳುವವರಿಗೇ ಕೊಡಬೇಕು. ಕೈಗೂ ಗ್ಲೌಸ್ ಹಾಕಿ. ನಿಕ್ಕಲ್ ತುರಿಕೆ ಒಮ್ಮೆ ಹತ್ತಿದರೆ ಜನ್ಮಕ್ಕೂ ಬಿಡುವುದಿಲ್ಲ.

ಕೊನೆಗೆ ಬಾತ್

ಪಿಎಚ್ ದಿನಾ ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ಗಾಬರಿ ಬೇಡ. ಆನೋಡ್ ಪೂರ್ತಿ ಲೆಕ್ಕದಲ್ಲಿ ಕರಗುತ್ತದೆ, ಜಾಬ್ ಮೇಲೆ ಅದಕ್ಕಿಂತ ತುಸು ಕಮ್ಮಿ ಕೂರುತ್ತದೆ. ಉಳಿದ ಕರೆಂಟ್ ಹೈಡ್ರೋಜನ್ ಗುಳ್ಳೆ ಮಾಡಲು ಹೋಗಿ ಆಸಿಡ್ ಕಮ್ಮಿಯಾಗುತ್ತದೆ. ಅದು ಆರೋಗ್ಯವಂತ ಬಾತ್. ಪಿಎಚ್ ತಾನಾಗಿ ಇಳಿಯತೊಡಗಿದರೆ ಎಚ್ಚರ. ಆನೋಡ್ ಕರಗುವುದು ನಿಲ್ಲಿಸಿದೆ, ಅಲ್ಲಿ ಆಕ್ಸಿಜನ್ ಹುಟ್ಟುತ್ತಿದೆ. ಕ್ಲೋರೈಡ್ ಕಮ್ಮಿಯಾಗಿರಬಹುದು, ಬುಟ್ಟಿಯಲ್ಲಿ ನಿಕ್ಕಲ್ ತುಂಡು ಖಾಲಿಯಾಗಿರಬಹುದು. ರಾತ್ರಿ ಬಾತ್ ತಣ್ಣಗಾಗಿ ಬೋರಿಕ್ ಆಸಿಡ್ ಹರಳುಕಟ್ಟಿ ಚೀಲ ಮುಚ್ಚಿರಲೂಬಹುದು. ಪಿಎಚ್ ಪೇಪರ್ ಬದಲು ಚೀಲಕ್ಕೆ ಕೈ ಹಾಕಿ.

ಅಂಚಿನಲ್ಲಿ ಹೊಳಪು, ಸಂದಿಗಳಲ್ಲಿ ಮಾತ್ರ ಕಪ್ಪು ಅಥವಾ ಮಂಕು ಬಂದರೆ ತಾಮ್ರ ಇಲ್ಲವೇ ಸತು ಸೇರಿದೆ. ಎರಡಕ್ಕೂ ಅಪ್ಪ ಹಿತ್ತಾಳೆ. ಜಿಗ್‌ನಿಂದ ಜಾರಿ ತಳ ಸೇರಿದ ಜಾಬ್ ಅಲ್ಲೇ ನಿಧಾನಕ್ಕೆ ಕರಗುತ್ತಿರುತ್ತದೆ. ಒಂದು ಸಲ ತಳ ಗೋರಿದಾಗ ನಮಗೆ ಹನ್ನೊಂದು ಗೆಜ್ಜೆ ಸಿಕ್ಕವು. ಗಿರಾಕಿ ಮೂರು ತಿಂಗಳ ಹಿಂದೆ ಕಮ್ಮಿ ಬಂತು ಎಂದು ಜಗಳ ಮಾಡಿ ಹೋಗಿದ್ದರು. ಗೆಜ್ಜೆ ತೆಗೆದ ಮೇಲೆ ಸುಕ್ಕು ಸುಕ್ಕಾಗಿ ಮಡಚಿದ ಸ್ಟೀಲ್ ತಗಡನ್ನು ಡಮ್ಮಿಯಾಗಿ ಇಳಿಸಿ, ಚದರ ಡೆಸಿಮೀಟರಿಗೆ 0.2ರಿಂದ 0.5 ಆಂಪಿಯರ್‌ನಲ್ಲಿ ರಾತ್ರಿಯಿಡೀ ಬಿಟ್ಟೆವು. ಕಮ್ಮಿ ಕರೆಂಟಿನಲ್ಲಿ ತಾಮ್ರ, ಸತು ನಿಕ್ಕಲ್‌ಗಿಂತ ಮುಂಚೆ ಹೋಗಿ ಸುಕ್ಕಿನಲ್ಲಿ ಕೂರುತ್ತವೆ. ಬೆಳಿಗ್ಗೆ ತಗಡು ಕರಿಬಾವಲಿಯ ಹಾಗೆ ಎದ್ದು ಬಂತು.

ಸೂಜಿಮೊನೆಯಂಥ ಕುಳಿ ಬಿದ್ದರೆ ಹೈಡ್ರೋಜನ್ ಗುಳ್ಳೆ ಅಂಟಿ ನಿಂತಿದೆ. ವೆಟ್ಟಿಂಗ್ ಏಜೆಂಟ್ (ಗುಳ್ಳೆ ಅಂಟದಂತೆ ಬಾತ್‌ಗೆ ಹಾಕುವ ಸೋಪಿನಂಥದ್ದು) ಕಮ್ಮಿ, ಅಥವಾ ಜಾಬ್ ಅಲುಗಾಡುತ್ತಿಲ್ಲ. ಹಾಕಿದರೂ ಹೋಗದಿದ್ದರೆ ಎಣ್ಣೆ ಸೇರಿದೆ, ಆ್ಯಕ್ಟಿವೇಟೆಡ್ ಕಾರ್ಬನ್‌ನಲ್ಲಿ ಸೋಸಬೇಕು.

ಏನೇ ಹಾಕುವುದಿದ್ದರೂ ಮೊದಲು ಹಲ್ ಸೆಲ್‌ನಲ್ಲಿ ನೋಡಿ. ಒಂದು ಬದಿ ಓರೆಯಾಗಿರುವ ಪುಟ್ಟ ಡಬ್ಬ ಅದು. ತಗಡಿನ ಒಂದು ತುದಿ ಆನೋಡ್‌ಗೆ ಹತ್ತಿರ, ಇನ್ನೊಂದು ದೂರ. ಹಾಗಾಗಿ ಜಾಸ್ತಿ ಕರೆಂಟಿನಿಂದ ಕಮ್ಮಿ ಕರೆಂಟಿನವರೆಗೆ ಬಾತ್ ಹೇಗೆ ನಡೆದುಕೊಳ್ಳುತ್ತದೆ ಎಂದು ಒಂದೇ ತಗಡಿನಲ್ಲಿ ಗೊತ್ತಾಗುತ್ತದೆ. 2 ಆಂಪಿಯರ್, 5 ನಿಮಿಷ. ಅದರಲ್ಲಿ ಹಿಡಿಸುವುದು 267 ಮಿಲಿಲೀಟರ್. ಇದೇನು ವಿಚಿತ್ರ ಅಳತೆ ಅಂದರೆ, 2 ಗ್ರಾಂ ಹಾಕಿದರೆ ಅಮೆರಿಕದ ಲೆಕ್ಕದಲ್ಲಿ ಗ್ಯಾಲನ್‌ಗೆ ಒಂದು ಔನ್ಸ್ ಆಗಬೇಕು, ಅದಕ್ಕೆ. ನಮಗದು ತಲೆನೋವು. ಆದರೂ ಇದರಲ್ಲಿ ತಪ್ಪು ಮಾಡಿದರೆ ಹೋಗುವುದು ಕಾಲು ಲೀಟರ್, ಟ್ಯಾಂಕ್‌ನಲ್ಲಿ ಮಾಡಿದರೆ ಐನೂರು.

ತಿಂಗಳ ಮೇಲೆ ಬರುವ ಕೆಂಪು ಚುಕ್ಕೆ

ಹೋಗುವಾಗ ಕನ್ನಡಿಯಂತಿದ್ದ ಬೈಕಿನ ಕಬ್ಬಿಣದ ಗಾರ್ಡ್ ಒಂದು ತಿಂಗಳಿಗೇ ವಾಪಸ್ ಬಂತು. ಮೈಯೆಲ್ಲ ಕೆಂಪು ಚುಕ್ಕೆ. "ಎಂತಾ ಪ್ಲೇಟಿಂಗ್ ಮಾಡ್ತ್ರಿ ನೀವು, ಸಿಡುಬು ಬಂದಾಂಗೆ ಆಯ್ತಲ್ಲ," ಅಂದರು ಮಾಲೀಕರು. ಅವರ ಮನೆ ಕಡಲ ದಂಡೆಗೆ ಹತ್ತಿರ. ಅದೇ ವಾರ ಸಿರ್ಸಿಗೆ ಹೋದ ಅದೇ ಥರದ ಗಾರ್ಡ್ ಇನ್ನೂ ಹೊಳೆಯುತ್ತಿತ್ತು.

ಸತುವಾದರೆ ತಾನು ಸವೆದು ಕಬ್ಬಿಣ ಕಾಯುತ್ತದೆ. ನಿಕ್ಕಲ್ ಹಾಗಲ್ಲ. ಬರೀ ಹೊದಿಕೆ. ಹೊದಿಕೆಯಲ್ಲಿ ತೂತಿದ್ದರೆ ಉಪ್ಪಿನ ತೇವ ಒಳಹೊಕ್ಕು, ನಿಕ್ಕಲ್ ಪಕ್ಕದಲ್ಲಿರುವ ಕಬ್ಬಿಣ ಇನ್ನೂ ಬೇಗ ತಿಂದುಹೋಗುತ್ತದೆ. ತೂತು ಕಾಣಬೇಕೆಂದರೆ ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಉಪ್ಪು ಕರಗಿಸಿದ ನೀರಿನಲ್ಲಿ ಫಿಲ್ಟರ್ ಪೇಪರ್ ನೆನೆಸಿ ಜಾಬ್ ಮೇಲೆ ಹತ್ತು ನಿಮಿಷ ಅಂಟಿಸಿ. ಕಬ್ಬಿಣ ಬಯಲಾಗಿರುವ ಕಡೆಯೆಲ್ಲ ನೀಲಿ ಚುಕ್ಕೆ ಮೂಡುತ್ತದೆ. ಈ ಪೇಪರನ್ನು ಆಸಿಡ್ ಹತ್ತಿರ ಇಡಬೇಡಿ.

ಕಪಾಟಿನಲ್ಲಿ ಅದೇ ದಿನದ ಇನ್ನೊಂದು ಗಾರ್ಡ್ ಉಳಿದಿತ್ತು. ಪೇಪರ್ ಹಾಕಿ ತೆಗೆದೆವು. ಅಂಗೈಯಷ್ಟು ಜಾಗದಲ್ಲಿ ಎಣಿಸಲಾಗದಷ್ಟು ನೀಲಿ. ಕಡಲ ಬದಿಯ ಸಾಮಾನಿಗೆ 25 ಮೈಕ್ರಾನ್ ಆದರೂ ಬೇಕು. 4 ಆಂಪಿಯರ್ ಲೆಕ್ಕದಲ್ಲಿ ಅರ್ಧ ಗಂಟೆಗೂ ಮೇಲೆ. ಕೆಳಗೆ ತಾಮ್ರದ ಪದರ ಇದ್ದರೆ ಇನ್ನೂ ಒಳ್ಳೆಯದು. ಆಸಿಡ್ ತಾಮ್ರವನ್ನು ನೇರ ಕಬ್ಬಿಣದ ಮೇಲೆ ಹಾಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಮೊದಲು ತೆಳು ನಿಕ್ಕಲ್, ಆಮೇಲೆ ತಾಮ್ರ, ಮೇಲೆ ಮತ್ತೆ ನಿಕ್ಕಲ್.

ಹುಡುಗ ಈ ಸಲ ಕ್ಯಾನಿನ ಕಡೆ ನೋಡಲಿಲ್ಲ. ರೆಕ್ಟಿಫೈಯರ್ ಪಕ್ಕದ ನೋಟ್‌ಬುಕ್ ತಂದು ಹಿಂದಿನ ತಿಂಗಳ ಹಾಳೆ ತಿರುವಿದ.

"ಹನ್ನೆರಡೇ ನಿಮಿಷ ಅಣ್ಣಾ. ಅವತ್ತು ಅರ್ಜೆಂಟ್ ಅಂದಿದ್ರಿ."